ಹಸಿರು ವಲಯದ ಅಕ್ಕ

ಜೀವಮಾನವಿಡೀ ಭೂಗೋಳ ಕಲಿಸಿದ ನನಗೆ ನಕಾಶೆ ಓದಲು ಬರುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದು ಮೊದಲೇ ಗೊತ್ತಿದ್ದಿರಬೇಕು. ನನಗೆ ಗೊತ್ತಾದದ್ದು ನಿವೃತ್ತನಾಗಿ ಎಷ್ಟೋ ಕಾಲದ ಮೇಲೆ, ನಗರ ಯೋಜನೆಯ ಕಚೇರಿಯ ಗೋಡೆಯ ಮುಂದೆ ನಿಂತಾಗ. ಗೋಡೆಯ ಮೇಲೆ ಹುಮನಾಬಾದ್ ಸುತ್ತಮುತ್ತಲಿನ ನೆಲಕ್ಕೆಲ್ಲ ಬಣ್ಣ ಬಳಿದ ದೊಡ್ಡ ನಕಾಶೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಶಾಲೆ ದವಾಖಾನೆಗಳಿಗೆ ಕೆಂಪು, ಒಕ್ಕಲುತನಕ್ಕೆ ಹಸಿರು. ನಾನು ಕಲಿಸಿದ ಭೂಗೋಳದಲ್ಲಿ ಹಸಿರೆಂದರೆ ತಗ್ಗು, ಹಳದಿಯೆಂದರೆ ಎತ್ತರ. ಹೀಗಾಗಿ ನಮ್ಮ ಅಕ್ಕ ಮನೆ ಕಟ್ಟಬೇಕೆಂದಿದ್ದ ಹಸಿರು ಜಾಗ ತಗ್ಗಿನಲ್ಲಿದೆ, ಮಳೆಗಾಲದಲ್ಲಿ ನೀರು ನಿಂತೀತು ಎಂದು ಅಲ್ಲಿದ್ದ ಅಧಿಕಾರಿಗೆ ವಿಸ್ತಾರವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಇದು ಏರುತಗ್ಗಿನ ನಕಾಶೆಯಲ್ಲ, ಎಲ್ಲಿ ಏನು ಮಾಡಬಹುದು ಎಂಬುದರ ನಕಾಶೆ ಎಂದರು.

ಅಕ್ಕನ ವಿಷಯ ಹೇಳಬೇಕು. ನೀಲಮ್ಮ ನನ್ನ ಹಿರಿಯಕ್ಕ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಆ ತವರು ನನ್ನ ಮನೆಯಾಯಿತು. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ ದುಡಿದಳು, ನನ್ನ ಮಕ್ಕಳನ್ನು ಬೆಳೆಸಿದಳು, ನನ್ನ ಅಕ್ಷರ ಚೆನ್ನಾಗಿಲ್ಲವೆಂದು ಈಗಲೂ ಬೈಯುತ್ತಾಳೆ. ಒಂದು ಸಂಜೆ ಬಸವಕಲ್ಯಾಣದ ನಮ್ಮ ಮನೆಯ ಅಂಗಳದಲ್ಲಿ ಮೆಂತೆಪಲ್ಲೆ ಸೋಸುತ್ತ ಕೂತವಳು, ತಾನೂ ತನ್ನ ಜೊತೆ ನಿವೃತ್ತರಾದ ನಾಲ್ವರು ಟೀಚರುಗಳೂ ಸೇರಿ ಹುಡಗಿ ಗ್ರಾಮದ ಹತ್ತಿರ ಒಂದಿಷ್ಟು ಹೊಲ ಕೊಂಡಿದ್ದೇವೆ, ಅಲ್ಲಿ ಸಾಲಾಗಿ ಮನೆ ಕಟ್ಟಿಕೊಂಡು ಇರುತ್ತೇವೆ ಎಂದಳು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಅವಮಾನವಾಯಿತು. ನನ್ನ ಮನೆಯಲ್ಲಿ ನಿನಗೇನು ಕಡಿಮೆಯಾಗಿದೆ ಎಂದು ಕೇಳಿಯೇಬಿಟ್ಟೆ.

“ಏನೂ ಕಮ್ಮಿ ಆಗಿಲ್ಲೋ ತಮ್ಮಾ,” ಎಂದಳು ಅಕ್ಕ. “ಆದ್ರ ಇದು ನಿನ್ನ ಮನಿ. ಮೊದಲ ಅಪ್ಪನ ಮನಿ ಇತ್ತು, ನಡುವ ನಾಕು ದಿನ ಗಂಡನ ಮನಿ. ನಂದು ಅನ್ನೂದು ಒಂದು ಮನಿ ನೋಡಿ ಹೋಗಬೇಕಂತ ಆಶಾ ಅದ.”

ಮಾತಿನಲ್ಲಿ ಸೋತಾಗ ಗಂಡಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಅರ್ಜಿ ಬರೆಯುವ ಕೆಲಸ ನನಗಿರಲಿ ಎಂದೆ.

ಹಸಿರನ್ನು ಹಳದಿ ಮಾಡಿಕೊಡಿ ಎಂಬುದು ಅರ್ಜಿಯ ಸಾರಾಂಶ. ಗಿಡದ ಎಲೆ ಯಾರನ್ನೂ ಕೇಳದೆ ಮಾಡುವ ಕೆಲಸವಿದು, ನೆಲಕ್ಕೆ ಮಾತ್ರ ಹಲವು ಕಚೇರಿಗಳ ಒಪ್ಪಿಗೆ ಬೇಕು. ಕಚೇರಿಯವರಿಗೆ ಇನ್ನೊಂದು ಅನುಮಾನವೂ ಇತ್ತು. ಐದು ಮಂದಿ ಮುದುಕಿಯರು ಒಂದೆಡೆ ಇದ್ದರೆ ಅದು ಮನೆಯೋ, ಹಾಸ್ಟೆಲ್ಲೋ, ದವಾಖಾನೆಯೋ? ಹನ್ನೆರಡನೆಯ ಶತಮಾನದಲ್ಲಿ ಎಲ್ಲೆಲ್ಲಿಂದಲೋ ಶರಣರು ನಮ್ಮ ಕಲ್ಯಾಣಕ್ಕೆ ನಡೆದು ಬಂದು ನೆಲೆಸಿದರು. ಅವರಲ್ಲಿ ವಯಸ್ಸಾದವರೂ ಇದ್ದಿರಬೇಕು. ಅವರನ್ನು ಯಾವ ವಲಯದಲ್ಲಿ ಇಳಿಸಿದರೆಂಬ ಬಗ್ಗೆ ನಾನು ಎಲ್ಲೂ ಓದಿಲ್ಲ. ಕಡೆಗೆ ತಿಳಿದವರೊಬ್ಬರ ಸಲಹೆಯಂತೆ, “ಸದರಿ ಜಮೀನು ಬಹುಕಾಲದಿಂದ ಪಾಳು ಬಿದ್ದಿದ್ದು ಬೇಸಾಯಕ್ಕೆ ಯೋಗ್ಯವಾಗಿಲ್ಲ” ಎಂಬ ವಾಕ್ಯ ಸೇರಿಸಿದೆ. ಪಾಳು ಬಿದ್ದದ್ದಂತೂ ನಿಜವಾಗಿತ್ತು. ವಾಕ್ಯದ ಉತ್ತರಾರ್ಧ ನನ್ನ ಭೂಗೋಳಜ್ಞಾನದಿಂದ ಬಂದದ್ದು.

ತಕರಾರಿದ್ದವರು ತಿಳಿಸಬಹುದೆಂದು ಪ್ರಕಟಣೆ ಹೊರಟಿತು. ಪಕ್ಕದ ಹೊಲದ ಕಾಶಪ್ಪ ತಕರಾರು ಹಾಕಿದರು. ಮರುದಿನ ತಾವೇ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತ ವಿವರಣೆಯನ್ನೂ ಕೊಟ್ಟರು.

“ನಿಮ್ಮ ಮ್ಯಾಲ ನಂದೇನೂ ಸಿಟ್ಟಿಲ್ರಿ ಮಾಸ್ತರ. ಆದ್ರ ಊರ ಮುಂದ ವೃದ್ಧಾಶ್ರಮ ಅಂತ ಬೋರ್ಡ್ ಬಿತ್ತಂದ್ರ, ಈ ಊರಾಗ ವಯಸ್ಸಾದವರಿಗಿ ಕೂಳ ಹಾಕಲ್ಲ ಅಂತ ಮಂದಿ ತಿಳೀತಾರ. ನಾ ಮಗನಿಗಿ ಹೆಣ್ಣು ನೋಡಾಕತ್ತೀನಿ. ಹೆಣ್ಣಿನವರು ಬಂದು ಆ ಬೋರ್ಡ್ ನೋಡಿದ್ರ ಏನಂತಾರ್ರಿ?”

ವೃದ್ಧಾಶ್ರಮಕ್ಕೂ ಹಿರಿಯರು ಸ್ವಂತ ಖುಷಿಯಿಂದ ಕಟ್ಟಿಕೊಳ್ಳುವ ಮನೆಗೂ ಇರುವ ವ್ಯತ್ಯಾಸವನ್ನು ನಾನು ಬಹಳ ಚೆನ್ನಾಗಿ ಬರೆದೆ. ಅಕ್ಕ ಅದನ್ನು ಓದಿ, ಎರಡು ಕಾಗುಣಿತ ತಿದ್ದಿ, ಪಕ್ಕಕ್ಕಿಟ್ಟಳು.

“ಕಾಗದ ಓದಿ ಯಾರರೆ ಒಪ್ಯಾರೇನು? ಎಳ್ಳಮಾಸಿಗಿ ಎಲ್ಲಾರ್ನೂ ಹೊಲಕ್ಕ ಕರಿಯೂನು,” ಎಂದಳು.

ಎಳ್ಳಮಾಸಿ ಎಂದರೆ ಎಳ್ಳಮಾವಾಸ್ಯೆ. ಆ ದಿನ ನಮ್ಮ ಕಡೆ ಊರಿನಲ್ಲಿ ಯಾರೂ ಉಣ್ಣುವುದಿಲ್ಲ. ಬುಟ್ಟಿಯಲ್ಲಿ ಕಾಳು, ಸೊಪ್ಪು, ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ಅಂಬಲಿ ಹೊತ್ತುಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಹೊಲವಿದ್ದವರು ಇಲ್ಲದವರನ್ನು ಕರೆಯುತ್ತಾರೆ. ಒಬ್ಬರ ಹೊಲದಲ್ಲಿ ಕೂತು ಭಜ್ಜಿ ಉಂಡು ಎದ್ದವನು ಮತ್ತೆ ಅವರ ಮೇಲೆ ತಕರಾರು ಹೇಳುವುದು ಕಷ್ಟ, ನಾಲಿಗೆ ಏಳುವುದಿಲ್ಲ. ಅಕ್ಕ ಅಷ್ಟು ವರ್ಷವೂ ಕರೆಸಿಕೊಂಡು ಹೋದವಳು. ಕರೆಯುವ ಅದೃಷ್ಟ ಅವಳಿಗೆ ಬಂದಿರಲಿಲ್ಲ.

ಆದರೆ ಪಾಳು ಹೊಲಕ್ಕೆ ಯಾರನ್ನು ಕರೆಯಲಾಗುತ್ತದೆ? ಅಂದಿನ ಪೂಜೆ ನಿಂತ ಪೈರಿಗೆ. ಹಿಂಗಾರಿನ ಹದ ನೋಡಿ ಅಕ್ಕ ಹೊಲ ಹಸನು ಮಾಡಿಸಿ ಜೋಳ ಬಿತ್ತಿಸಿದಳು. ನಾನೂ ಜೊತೆಗೆ ನಿಂತು ಸಂತೋಷಪಟ್ಟೆ. ಅರ್ಜಿಯಲ್ಲಿ ನಾನೇ ಬರೆದ ವಾಕ್ಯ ನೆನಪಿಗೆ ಬರಲಿಲ್ಲ. ಬಂದಿದ್ದರೂ ಬಿತ್ತನೆ ನಿಲ್ಲಿಸುತ್ತಿದ್ದೆನೆಂದು ಹೇಳಲಾರೆ. ಕೈಯಲ್ಲಿ ನೆಲವಿದ್ದು, ನೆಲದಲ್ಲಿ ಹಸಿಯಿದ್ದು, ಸುಮ್ಮನೆ ಕೂರುವುದು ನಮ್ಮ ಕಡೆಯವರಿಗೆ ಸಾಧ್ಯವಿಲ್ಲ. ಕಪ್ಪು ನೆಲ ಇಷ್ಟು ವರ್ಷದ ವಿಶ್ರಾಂತಿ ಮುಗಿಸಿ ಎದ್ದಿತ್ತು, ಜೋಳ ಆಳೆತ್ತರ ಬೆಳೆಯಿತು.

ಎಳ್ಳಮಾಸಿಯ ದಿನ ಕಾಶಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಊರಿನ ಅರ್ಧ ಜನ ಬಂದರು. ಎಲ್ಲರೂ ಉಣ್ಣಲು ಕೂತಾಗ ಒಂದು ಜೀಪು ಬಂತು. ಇಳಿದವರು ನಕಾಶೆಯ ಅಧಿಕಾರಿ. ಮೈಸೂರು ಕಡೆಯವರು, ಈಚೆಗೆ ವರ್ಗವಾಗಿ ಬಂದವರು. ಕಚೇರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದ್ದನ್ನು ನೋಡಿ, ಸ್ಥಳ ಪರಿಶೀಲನೆ ಮುಗಿಸಲು ಇದೇ ಪ್ರಶಸ್ತ ದಿನವೆಂದುಕೊಂಡಿದ್ದರು. ಅಕ್ಕ ಅವರನ್ನು ಕೂರಿಸಿ ಬಡಿಸಿದಳು. ಭಜ್ಜಿಯನ್ನು ಕೇಳಿ ಹಾಕಿಸಿಕೊಂಡರು. ಕೈ ತೊಳೆದ ಮೇಲೆ, ಬೇಸಾಯಕ್ಕೆ ಬಾರದ ಆ ಪಾಳು ಜಮೀನು ಎಲ್ಲಿದೆ ಎಂದು ವಿನಯದಿಂದ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಾಶಪ್ಪ ಎದ್ದು ನಿಂತರು. ಉಂಡಿದ್ದರಿಂದ ಅವರೀಗ ನಮ್ಮ ಪಕ್ಷ.

“ಪಾಳು ಏನ್ರೀ ಸಾಹೇಬ್ರ? ಬಂಗಾರದಂಥ ನೆಲ! ಟೀಚರಮ್ಮಾರ ಕೈಗುಣ ನೋಡ್ರಿ, ನನ್ನ ಹೊಲದಾಗೂ ಇಂಥಾ ತೆನಿ ಬಂದಿಲ್ಲ!”

ತಕರಾರು ಹಿಂದಕ್ಕೆ ಹೋಯಿತು. ಅದರ ಬೆನ್ನಿಗೇ ನಮ್ಮ ಅರ್ಜಿಯೂ ಹಿಂದಕ್ಕೆ ಬಂತು. ಜಮೀನು ಫಲವತ್ತಾಗಿದ್ದು ಉತ್ತಮ ಬೆಳೆಯಿರುವುದನ್ನು ಕಣ್ಣಾರೆ ಕಂಡಿರುವುದರಿಂದ ಹಿರಿಯರ ವಸತಿಗೆ ಶಿಫಾರಸು ಮಾಡಲಾಗದು ಎಂದಿತ್ತು. ಅಕ್ಕ ನಾಲ್ವರು ಗೆಳತಿಯರಿಗೂ ಫೋನ್ ಹಚ್ಚಿ, ಆಗಲಿಲ್ಲವ್ವ ಎಂದು ಒಬ್ಬೊಬ್ಬರಿಗೆ ಹೇಳಿದಳು. ಕೊನೆಯವರಿಗೆ ಹೇಳುವಾಗ ದನಿ ಒಡೆಯಿತು. ಅವಳು ನನ್ನ ಮನೆಯಲ್ಲೇ ಉಳಿಯುತ್ತಾಳೆಂದು ಒಳಗೊಳಗೇ ಸಮಾಧಾನಪಟ್ಟುಕೊಳ್ಳಲು ಹೊರಟಿದ್ದ ನಾನು ಹಿಂದಕ್ಕೆ ಬಂದ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮರುದಿನ ಅಕ್ಕನನ್ನು ಕರೆದುಕೊಂಡು ಕಚೇರಿಗೆ ಜಗಳಕ್ಕೆಂದೇ ಹೋದೆ. ಅಧಿಕಾರಿ ಕುರ್ಚಿ ತರಿಸಿದರು.

“ಮೇಷ್ಟ್ರೇ, ಹಿರಿಯರ ವಸತಿ ಅಂದ್ರೆ ಅಲ್ಲಿ ಆಗೋದಿಲ್ಲ. ಆದ್ರೆ ಬೇಸಾಯ ಮಾಡೋರು ತಮ್ಮ ಹೊಲದ ಮೂಲೇಲಿ, ಇಷ್ಟೇ ಜಾಗ ಅನ್ನೋ ಮಿತಿಯೊಳಗೆ, ಇರೋಕೆ ಮನೆ ಕಟ್ಕೋಬಹುದು. ಅಮ್ಮಾವ್ರು ಬೇಸಾಯ ಮಾಡ್ತಿದಾರೆ ಅಂತ ನಾನೇ ಬರೆದಿದೀನಲ್ಲ,” ಎಂದರು.

ಹೀಗೆ, ಮುದುಕಿಯರೆಂದು ಇರಲು ಅವಕಾಶವಿಲ್ಲದ ಜಾಗದಲ್ಲಿ ಐವರೂ ರೈತರೆಂದು ಇರಲು ಸರ್ಕಾರದ ಅಭ್ಯಂತರವಿಲ್ಲವೆಂದಾಯಿತು. ರೈತರಿಗೆ ಯಾರೂ ವಯಸ್ಸು ಕೇಳುವುದಿಲ್ಲ. ಸಾಲುಮನೆಗಳ ಬದಲು ಒಂದೇ ಸೂರಿನ ಕೆಳಗೆ ಐದು ಕೋಣೆಗಳ ಹೊಲದ ಮನೆ ಎದ್ದಿತು. ಬೋರ್ಡ್ ಇಲ್ಲ. ಕಾಶಪ್ಪನವರ ಮಗನಿಗೆ ಹೆಣ್ಣೂ ಗೊತ್ತಾಯಿತು.

ಅಕ್ಕ ಹೊಲದ ಮನೆಗೆ ಹೋದ ಮೇಲೆ ನನ್ನ ಮನೆ ಪೂರ್ತಿ ನನ್ನದಾಯಿತು. ನಾನು ನೆನೆಸಿದಷ್ಟು ಚೆನ್ನಾಗಿರಲಿಲ್ಲ. ಮೊನ್ನೆ ಅಲ್ಲಿಗೆ ಹೋಗಿ, ನನಗೂ ನನ್ನ ಹೆಂಡತಿಗೂ ಒಂದು ಕೋಣೆ ಸಿಕ್ಕೀತೇ ಎಂದು ಮೆಲ್ಲಗೆ ಕೇಳಿದೆ. ಅಕ್ಕ ಒಳಗೆ ಹೋಗಿ ಉಳಿದವರೊಂದಿಗೆ ಮಾತಾಡಿ ಬಂದಳು.

“ರೈತರಿಗಷ್ಟೇ ಅದ ತಮ್ಮಾ. ಮೊದಲ ಕಳೆ ತಗಿ, ಆಮ್ಯಾಲ ನೋಡೂನು.”

ತೆಗೆದೆ. ಕಳೆಯ ಜೊತೆ ಒಂದಷ್ಟು ತೊಗರಿ ಸಸಿಯನ್ನೂ ತೆಗೆದಿದ್ದೆನಂತೆ. ಅಕ್ಕ ಬಂದು ಪರಿಶೀಲಿಸಿ, ತೊಗರಿ ಸಸಿಗಳನ್ನು ಕಳೆಯಿಂದ ಬೇರೆ ಮಾಡಿಟ್ಟು ಹೋದಳು. ಊಟಕ್ಕೆ ಮಾತ್ರ ಕರೆದಳು. ಎರಡು ಸಲ ಬಡಿಸಿದಳು, ಹೊರಡುವಾಗ ರೊಟ್ಟಿ ಕಟ್ಟಿ ಕೊಟ್ಟಳು.

ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಹೋಗಿದ್ರಿ ಎಂದು ಕೇಳಿದರು.

“ಅಕ್ಕನ ಮನಿಗಿರಿ,” ಎಂದೆ.

ಇಷ್ಟು ವಯಸ್ಸಾದರೂ ಈ ಮಾತನ್ನು ನಾನು ಹಿಂದೆ ಒಮ್ಮೆಯೂ ಆಡಿರಲಿಲ್ಲ.