ದೊಡ್ಡವಳಾದ ಜೇಡ

ಬಸ್ತಿಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ, ತೆಂಗಿನ ಮಟ್ಟೆಗಳ ರಾಶಿಯಡಿ ಆ ಜೇಡ ಸಿಕ್ಕಿತು. ಬಲೆ ಹೆಣೆಯುವ ಜಾತಿಯಲ್ಲ. ನೆಲದ ಮೇಲೆ ಬೇಟೆಯಾಡಿ, ತರಗೆಲೆಯ ಮಡಿಕೆಯಲ್ಲಿ ರೇಷ್ಮೆಯ ಚೀಲ ಮಾಡಿಕೊಂಡು ಮಲಗುವಂಥದ್ದು. ಕೆಂಗಂದು ಎದೆ, ಮಾಸಲು ಹೊಟ್ಟೆ, ಮುಂದಿನ ಕಾಲುಗಳು ದಪ್ಪ, ಹಿಂದಿನವು ಸಪೂರ. ಬೇಲೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ನನಗೆ ಗೊತ್ತಾದದ್ದು ಇಷ್ಟೇ. ಹಳೆಯ ಪುಸ್ತಕ ಇವನ್ನು ಒಂದು ಕುಟುಂಬಕ್ಕೆ ಸೇರಿಸಿದರೆ, ಹೊಸದು ಅಲ್ಲಿಂದ ಎಬ್ಬಿಸಿ ಇನ್ನೊಂದಕ್ಕೆ ತಳ್ಳಿತ್ತು. ಹೀಗೆ ಚೀಲ ಕಟ್ಟುವ ನಮ್ಮ ಸೀಮೆಯ ಒಂದು ಜೇಡಕ್ಕಾದರೂ ಸರಿಯಾದ ಹೆಸರು ಪತ್ತೆಹಚ್ಚಬೇಕೆಂಬುದು ನನ್ನ ಹಟ.

ಜೇಡಗಳನ್ನು ಬಲ್ಲ ಗೆಳೆಯರೊಬ್ಬರಿಗೆ ಫೋಟೊ ಕಳಿಸಿದೆ. “ಹೆಣ್ಣೇನೋ ಹೌದು, ಆದ್ರೆ ಇನ್ನೂ ಮರಿ ಕಣ್ರೀ. ಕೊನೇ ಸಲ ಪೊರೆ ಬಿಟ್ಟ ಮೇಲೇ ಹೊಟ್ಟೆ ಅಡಿ ಜನನಾಂಗ ಪೂರ್ತಿ ಮೂಡೋದು. ಅದರ ಆಕಾರ ನೋಡ್ದೆ ಯಾವುದು ಅಂತ ಹೇಳಕ್ಕಾಗಲ್ಲ” ಎಂದರು. ಥೂ! ಅದುವರೆಗೆ ನನಗೆ ಸಿಕ್ಕಿದ್ದೆಲ್ಲ ಮರಿಗಳೇ. ಸರಿ, ಇದನ್ನಾದರೂ ಬೆಳೆಸೋಣವೆಂದು ಉಪ್ಪಿನಕಾಯಿ ಬಾಟಲಿಗೆ ಬಿಟ್ಟು, ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ ಹಿಡಿದು ಹಾಕತೊಡಗಿದೆ.

ಮನೆಯೊಡತಿ ಜೈನರ ಅಜ್ಜಿ. ಇರುವೆ ಸಾಲು ಕಂಡರೆ ಪೊರಕೆ ನಿಲ್ಲಿಸುವವರು. ಬಾಟಲಿ ಕಂಡಾಗಲೆಲ್ಲ, “ಅದೇನ್ ತಪ್ಪು ಮಾಡೈತೆ ಅಂತ ಜೈಲಿಗೆ ಹಾಕಿದೀರಾ ಮೇಷ್ಟ್ರೇ?” ಎನ್ನುತ್ತಿದ್ದರು.

“ಅವಳು ದೊಡ್ಡವಳಾಗೋವರ್ಗೆ ಅಷ್ಟೇ ಅಜ್ಜಿ” ಎಂದು ತಮಾಷೆ ಮಾಡಿದ್ದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ಇಡುವುದನ್ನು ಹೇಳಿರಲಿಲ್ಲ.

ಒಂದು ಸಂಜೆ ಬಸ್ಸಿಳಿದು ಬಂದರೆ ಅಜ್ಜಿ ಬಾಗಿಲಲ್ಲೇ ನಗುತ್ತ ನಿಂತಿದ್ದರು. “ನಿಮ್ಮ ಹುಡುಗಿ ದೊಡ್ಡವಳಾದ್ಲು ಮೇಷ್ಟ್ರೇ! ಹಾವಿನಂಗೆ ಪೊರೆ ಬಿಟ್ಟವಳೆ. ನೀವೇ ಹೇಳಿದ್ರಲ್ಲ, ಅದಕ್ಕೇ ಹಿತ್ತಲಿಗೆ ಬಿಟ್ಬಂದೆ.”

ಬಾಟಲಿಯಲ್ಲಿ ಬರೀ ಪೊರೆ ಇತ್ತು. ಅದು ಮರಿಯ ಚರ್ಮ. ನನಗೆ ಬೇಕಾದ ಗುರುತು ಅದರಲ್ಲಿ ಎಲ್ಲಿಂದ ಬರಬೇಕು? ಅಜ್ಜಿಯನ್ನು ಬೈಯುವಂತಿಲ್ಲ, ಮಾತು ನನ್ನದೇ. ಹೆಗಲ ಚೀಲ ಬಿಸಾಕಿ ಮಟ್ಟೆಯ ರಾಶಿಯನ್ನೆಲ್ಲ ಕೆದಕಿದೆ. ಚೇಳು ಸಿಕ್ಕಿತು, ಜರಿ ಸಿಕ್ಕಿತು, ಅವಳು ಮಾತ್ರ ಇಲ್ಲ.

ಅಜ್ಜಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. “ಕರೆದ್ರೆ ಬರ್ತಾಳೇನೋ. ಹೆಸರೇನು?”

“ಗೊತ್ತಿಲ್ಲ ಅಜ್ಜಿ!” ಎಂದು ಸಿಡುಕಿದೆ.

“ಅಯ್ಯೋ, ಇಷ್ಟು ದಿನ ಸಾಕಿದ್ರಿ,” ಅಜ್ಜಿಗೆ ನಿಜಕ್ಕೂ ಬೇಜಾರಾಗಿತ್ತು, “ಒಂದು ಹೆಸರೂ ಇಡ್ಲಿಲ್ವಾ?”