ಗೋಡೆಯಿಲ್ಲದ ಬಾಗಿಲು

ಅಂಗಡಿಯಿಂದ ಹೊಸ ಹೂಕುಂಡ ಹೊತ್ತು ತರುವವರನ್ನು ಕಂಡರೆ ನನಗೆ ಸ್ವಲ್ಪ ಕನಿಕರವೇ. ಎಂಬತ್ತರ ದಶಕದಲ್ಲಿ ಪುಣೆಯವರು ವಾಡೆಗಳೆಂಬ ಹಳೆಯ ದೊಡ್ಡ ಮನೆಗಳನ್ನು ಕೆಡವಿ ಫ್ಲ್ಯಾಟು ಎಬ್ಬಿಸತೊಡಗಿದಾಗ ನಾನು ಗೌಂಡಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಯಾದಗಿರಿ ಕಡೆಯಿಂದ ಬಂದವನು. ಆದರೆ ನಾನು ಕಟ್ಟಿದ ಗೋಡೆ ಇಂದಿಗೂ ಸೊಟ್ಟಗಾಗಿಲ್ಲ. ತಗ್ಗು ತುಂಬಲು ಹೊರಟ ಒಡಕು ಸಾಮಾನನ್ನು ಕೂಲಿಯಾಳುಗಳ ಮೇಸ್ತ್ರಿ ಮುಕಾದಮನನ್ನು ಕೇಳಿ ಊರಂಚಿನ ಹಡಪಸರದ ನನ್ನ ಮನೆಗೆ ತರುತ್ತಿದ್ದೆ. ಗಾರೆ ಹೊತ್ತು ತಳ ತೂತಾದ ಕಬ್ಬಿಣದ ಬುಟ್ಟಿ ಗಮೇಲಾದಲ್ಲಿ ಚೆಂಡುಹೂ, ಬಿರುಕುಬಿಟ್ಟ ಕಲ್ಲುಬಾನಿಯಲ್ಲಿ ಕೊತ್ತಂಬರಿ, ಸೈಕಲ್ ರಿಮ್ಮಿನ ಮೇಲೆ ಅವರೆ ಬಳ್ಳಿ, ಸುತ್ತಲೂ ಮೊಣಕಾಲೆತ್ತರಕ್ಕೆ ಹಳೇ ಹಂಚು.

ಇವೆಲ್ಲದರ ಕಿರೀಟ ಒಂದು ವಾಡೆಯ ಸಾಗವಾನಿ ಚೌಕಟ್ಟು, ಹೊಸ್ತಿಲ ಸಮೇತ. ತೋಟದ ಬಾಯಿಗೆ ನಿಲ್ಲಿಸಿ ಮಲ್ಲಿಗೆ ಹಬ್ಬಿಸಿದೆ. ಸಂಜೆ ಆ ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯಬೇಕೆಂದು ನನ್ನ ಆಸೆ. ಮರುದಿನ ನೋಡಿದರೆ ಹೆಂಡತಿ ನಾಗಮ್ಮ ಅದಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದಾಳೆ. ಇನ್ನು ಕೂಡುವುದು ಹೇಗೆ, ನೀವೇ ಹೇಳಿ.

“ಆಚಿಗಿ ಗ್ವಾಡಿಲ್ಲ, ಈಚಿಗಿ ಗ್ವಾಡಿಲ್ಲ. ಇದೆಂಥಾ ಹೊಸ್ತಲಾ?” ಎಂದೆ.

“ಗ್ವಾಡಿ ಕಟ್ಟೂದು ನಿಮ್ಮ ಕೆಲಸ. ನೀವು ಕಟ್ಟಲಿಲ್ಲಂದ್ರ ಹೊಸ್ತಲದ್ದೇನು ತಪ್ಪು?”

ಗೌಂಡಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಬೋರಲು ಹಾಕಿದ ಡಬ್ಬಿಯ ಮೇಲೆ ಕುಳಿತು ಚಹಾ ಕುಡಿದೆ.

ಒಂದು ಭಾನುವಾರ ಆ ವಾಡೆಯಲ್ಲಿ ಬಾಳಿದ ಅಜ್ಜಿಯೇ ಮುಕಾದಮನನ್ನು ವಿಚಾರಿಸಿಕೊಂಡು ಬಂದುಬಿಟ್ಟರು. ಮದುವಣಗಿತ್ತಿಯಾಗಿ ಅಕ್ಕಿಯ ಸೇರು ಒದ್ದು ದಾಟಿದ ಹೊಸ್ತಿಲಂತೆ, ನೋಡಬೇಕಂತೆ. ಮರಳಿ ಕೇಳಿದರೆ ಇಲ್ಲವೆನ್ನಲು ಬಾಯಿಲ್ಲ. ಕೊಟ್ಟರೆ ನನ್ನ ತೋಟ ಮತ್ತೆ ಬರೀ ಒಡಕು ಸಾಮಾನಿನ ಗುಡ್ಡೆ. ಬನ್ನಿ ಎಂದು ಕರೆದರೂ ಅವರು ಕದಲಲಿಲ್ಲ. ಪಕ್ಕದ ಹಂಚನ್ನು ಕೋಳಿಯೂ ದಾಟುತ್ತದೆ. ಅವರು ಮಾತ್ರ ಚೌಕಟ್ಟಿನ ಮುಂದೆಯೇ ನಿಂತರು.

ನಾಗಮ್ಮನಿಗೆ ಅರ್ಥವಾಯಿತು. ಮನೆಯ ಹೆಂಗಸು ಕರೆಯಬೇಕಲ್ಲ! ಕಾಲಿಗೆ ನೀರು ಕೊಟ್ಟು, ತನ್ನ ಅರೆಬರೆ ಮರಾಠಿಯಲ್ಲಿ ಒಳಗೆ ಬನ್ನಿ ಎಂದಳು. ಆ ಬಯಲಿನಲ್ಲಿ ‘ಒಳಗೆ’ ಎಂಬುದು ಎಲ್ಲಿತ್ತೋ, ಅಜ್ಜಿಗಂತೂ ಕಂಡಿತು. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ದಾಟಿದರು.

ಚಹಾ ಕುಡಿಯುತ್ತ, ತಮ್ಮ ಫ್ಲ್ಯಾಟಿನ ಹೊಸ್ತಿಲು ಕಾಲಿಗೂ ತಾಗದ ಕಲ್ಲಿನ ಪಟ್ಟಿ ಎಂದು ನಕ್ಕರು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಕಾದೆ. ಹೊರಡುವಾಗ ನಾಗಮ್ಮನನ್ನು ಕೇಳಿದ್ದು ಒಂದೇ: ದಸರೆಗೆ ಈ ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟುತ್ತೀಯಲ್ಲ? ನಾಗಮ್ಮ ಚೆಂಡುಹೂ ಅರಳಿದ್ದ ಗಮೇಲಾದ ಕಡೆ ಕೈ ತೋರಿಸಿದಳು.

ನಮ್ಮ ನಲ್ಲಿ ಇರುವುದು ತೋಟದ ಇನ್ನೊಂದು ಮಗ್ಗುಲಿಗೆ. ಹಂಚು ದಾಟಿದರೆ ಮುಗಿಯಿತು. ಆದರೂ ಅಂದಿನಿಂದ ತುಂಬಿದ ಬಕೆಟ್ಟು ಹಿಡಿದು, ಸುತ್ತು ಹಾಕಿ, ಬಾಗಿಲಿನಿಂದಲೇ ಹೋಗುತ್ತೇನೆ. ಗೋಡೆ ಎದ್ದರೆ ಮಾತ್ರ ಮನೆ ಎಂದು ನಂಬಿ ದುಡಿದವನು ನಾನು. ಬಕೆಟ್ಟು ಹೊತ್ತು ಸೊಂಟ ಹಿಡಿದ ದಿನ ಮಾತ್ರ ಆ ಹಳೇ ನಂಬಿಕೆಯೇ ವಾಸಿಯಿತ್ತು ಅನಿಸುತ್ತದೆ.