ಹುಣ್ಣಿಮೆಯ ಮರುದಿನವೇ ತಿಂಗಳು ಬದಲಾಗುವ ಊರು

ನನ್ನ ಒಬ್ಬಳೇ ತಂಗಿ ಸಿದ್ದವ್ವನ ಮದುವೆಗೆ ನಾನು ಹೋಗಲಿಲ್ಲ. ಕರೆ ಬಂದಿತ್ತು. ಕೇಳಿದ್ದರೆ ಮಾಲಕರು ರಜೆ ಕೊಡುತ್ತಿದ್ದರು. ಆದರೂ ಹೋಗಲಿಲ್ಲ, ಆಮೇಲೆ ಊರಿಗೆ ಒಂದು ಸುಳ್ಳು ಬರೆದು ಹಾಕಿದೆ. ಆ ಸುಳ್ಳು ಹೇಗೆ ಹುಟ್ಟಿತೆಂದು ನಿಮಗೆ ತಿಳಿಯಬೇಕಾದರೆ ನಾನು ಹೋಗಿ ನೆಲೆಸಿದ ಊರಿನ ಮಾತು ಮೊದಲು ಹೇಳಬೇಕು. ಅದು ಹುಣ್ಣಿಮೆಯ ಮರುದಿನವೇ ತಿಂಗಳು ಬದಲಾಗುವ ಊರು.

ನಮ್ಮದು ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನ ಕರಜಗಿ. ಅಪ್ಪ ಕುರಿ ಕಾಯುತ್ತಿದ್ದ. ನಾನು ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಕುರಿಗಳ ಹಿಂದೆ ಬಿದ್ದೆ. ಅಷ್ಟು ಕಲಿತದ್ದಕ್ಕೇ ಮನೆಯಲ್ಲಿ ನಾನು ಪಂಡಿತ. ಓಣಿಗೆ ಬಂದ ಪತ್ರ ಓದುವವನೂ ನಾನೇ, ಪಂಚಾಂಗ ನೋಡಿ ಇಂದು ಯಾವ ಮಿತಿ ಎಂದು ಹೇಳುವವನೂ ನಾನೇ. ಮಿತಿ ಎಂದರೆ ತಿಂಗಳು, ಪಕ್ಷ, ತಿಥಿ ಹಿಡಿದು ಹೇಳುವ ದಿನ. ಅರವತ್ತರ ದಶಕದ ಆರಂಭದಲ್ಲಿ ನಮ್ಮ ಜಿಲ್ಲೆಯ ವಿಟೆ ಕಡೆಯ ಮರಾಠಿ ಮಾಲಕರೊಬ್ಬರು ನನ್ನನ್ನು ಆಗ್ರಾಕ್ಕೆ ಕರೆದುಕೊಂಡು ಹೋದರು. ಅವರದು ಅಲ್ಲಿ ಗಲಾಯಿ ಅಂಗಡಿ. ಹಳೆಯ ಒಡವೆ ಕರಗಿಸಿ ಚಿನ್ನ ಬೆಳ್ಳಿ ಶುದ್ಧ ಮಾಡುವ ಕೆಲಸಕ್ಕೆ ಗಲಾಯಿ ಎನ್ನುತ್ತಾರೆ. ನಮ್ಮ ಕಡೆಯ ಜನ ದೇಶದ ತುಂಬ ಈ ಕೆಲಸಕ್ಕೆ ಹೋಗಿದ್ದಾರೆ.

ನನಗೆ ಭಟ್ಟಿ ಊದುವ ಕೆಲಸ. ಅಕ್ಷರ ಬರುತ್ತದೆಂದು ಇನ್ನೊಂದು ಕೆಲಸವನ್ನೂ ಕೊಟ್ಟರು. ಕರಗಿಸಿದ ಬೆಳ್ಳಿಯನ್ನು ಕಾಗದದಲ್ಲಿ ಕಟ್ಟಿ ಮೇಲೆ ಗಿರಾಕಿಯ ಹೆಸರು, ಮಿತಿ ಬರೆಯುವುದು. ಚೈತ್ರ ಹುಣ್ಣಿಮೆಯ ಮರುದಿನ ನಾನು ‘ಚೈತ್ರ ವದ್ಯ ಪ್ರತಿಪದೆ’ ಎಂದು ಬರೆದುಕೊಟ್ಟೆ. ವದ್ಯ ಎಂದರೆ ಹುಣ್ಣಿಮೆಯಾದ ಮೇಲಿನ ಕತ್ತಲ ಹದಿನೈದು ದಿನ. ಬೆಳ್ಳಿ ವ್ಯಾಪಾರದ ಸರಾಫ ನೋಡಿ ಪೊಟ್ಟಣವನ್ನು ಹಿಂದಕ್ಕೆ ತಳ್ಳಿದ.

“ಅರೇ ಭಾಯಿ, ಚೈತ ನಿನ್ನೆ ಮುಗೀತಲ್ಲ! ಬೈಸಾಖ ಬದಿ ಅಂತ ಬರಿ.”

ರಾತ್ರಿ ಮಲಗಿ ಎದ್ದರೆ ತಿಂಗಳೇ ಹೋಗಿದೆ! ನಮ್ಮಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿದರೆ ಅಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಬೆಳದಿಂಗಳ ಪಕ್ಷದಲ್ಲಿ ಕರಜಗಿ, ಆಗ್ರಾ ಎರಡೂ ಒಂದೇ ತಿಂಗಳಲ್ಲಿರುತ್ತವೆ. ಹುಣ್ಣಿಮೆ ದಾಟಿತೋ, ಆಗ್ರಾ ಮುಂದಿನ ತಿಂಗಳಿಗೆ ಜಿಗಿಯುತ್ತದೆ, ಕರಜಗಿ ಹಿಂದಿನದರಲ್ಲೇ ಉಳಿಯುತ್ತದೆ. ಕತ್ತಲ ಪಕ್ಷಕ್ಕೆ ಅವರು ‘ಬದಿ’ ಎನ್ನುತ್ತಾರೆ, ಬೆಳಕಿನದಕ್ಕೆ ‘ಸುದಿ’. ಮೊದಲು ತಿಂಗಳು, ಆಮೇಲೆ ಬದಿಯೋ ಸುದಿಯೋ, ಆಮೇಲೆ ಅಂಕಿ, ಕೊನೆಗೆ ಸಂವತ್ಸರ. ಸರಾಫರಿಗೆ ಹೀಗೇ ಬೇಕು. ಹಿಂದೆ ಮುಂದೆ ಆದರೆ ಪೊಟ್ಟಣ ವಾಪಸು. ಕೆಲವು ತಿಂಗಳಲ್ಲಿ ನನ್ನ ಕೈ ಪಳಗಿತು. ಮಾಲಕರು ಬೆನ್ನು ತಟ್ಟಿದ ದಿನ ಏನೋ ದೊಡ್ಡದನ್ನು ಗೆದ್ದಂತೆ ಅನ್ನಿಸಿತು.

ಉಳಿದದ್ದು ಅಷ್ಟು ಸುಲಭವಾಗಿರಲಿಲ್ಲ. ಜೋಳದ ಹಿಟ್ಟು ಕೇಳಿದರೆ ಗಿರಣಿಯವನು “ಮನೆಯಲ್ಲಿ ಎಮ್ಮೆ ಕಟ್ಟಿದ್ದೀಯಾ?” ಎಂದು ನಕ್ಕ, ಅಲ್ಲಿ ಜೋಳ ದನದ ಮೇವು. ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಒಗ್ಗಲು ಒಂದು ಚಳಿಗಾಲ ಬೇಕಾಯಿತು. ಆ ಚಳಿಯೋ, ನಮ್ಮ ಕರಿಯ ಕಂಬಳಿ ಇಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ. ಮಾಲಕರ ಜೊತೆ ಮರಾಠಿ, ಪೇಟೆಯಲ್ಲಿ ಮುರುಕು ಹಿಂದಿ. ಕನ್ನಡ ಆಡಲು ಒಬ್ಬರೂ ಇರಲಿಲ್ಲ. ನಾನಿದ್ದ ಕೋಣೆಯ ಮನೆಯೊಡತಿ ಅಮ್ಮಾಜಿ ಆಡು ಸಾಕಿದ್ದಳು. ಒಂದು ಬೆಳಿಗ್ಗೆ ಒಂದು ಆಡು ತಪ್ಪಿಸಿಕೊಂಡು ಓಡಿತು. ಯಾರು ಕರೆದರೂ ನಿಲ್ಲಲಿಲ್ಲ. ನಾನು ಅಪ್ಪನ ಹಾಗೆ ನಾಲಿಗೆ ಲೊಟ್ಟೆ ಹೊಡೆದು “ಬಾರ್ಲೇ ಇಲ್ಲಿ, ಹುಚ್ಚಿ!” ಎಂದೆ. ತಿರುಗಿ ಬಂತು. ಆವತ್ತಿನಿಂದ ಆ ಆಡಿನ ಜೊತೆ ದಿನವೂ ಕನ್ನಡ. ಅದರ ಕಿವಿ ಮೊಣಕಾಲಿಗೆ ಮುಟ್ಟುವಷ್ಟು ಉದ್ದ ಎಂದು ಸಿದ್ದವ್ವನಿಗೆ ಬರೆದೆ. “ಅಣ್ಣಾ, ಮಂದಿ ಸಿಗಲಿಲ್ಲಂತ ಆಡಿನ ಗೆಣೆತನ ಮಾಡಿದೇನು?” ಎಂದು ಸಾಲಿ ಮಾಸ್ತರರಿಂದ ಬರೆಸಿದ್ದಳು.

ಮೂರನೆಯ ಬೇಸಿಗೆಯಲ್ಲಿ ಮದುವೆಯ ಪತ್ರ ಬಂತು. ವೈಶಾಖ ವದ್ಯ ಪಂಚಮಿ, ಕರಜಗಿಯಲ್ಲಿ ಅಕ್ಕಿಕಾಳು, ಅಂದರೆ ಅಕ್ಷತೆ. ವರ ಬೆಳುಂಕಿ ಊರಿನವರು. ನಮ್ಮ ಸೀಮೆಯಲ್ಲಿ ಮದುವೆಯ ಹೊತ್ತಿಗೆ ಹೆಣ್ಣಿನ ಅಣ್ಣ ವರನ ಕಿವಿ ಹಿಂಡಿ, “ನಮ್ಮ ಹುಡುಗೀನ ಚಲೋ ನೋಡ್ಕೊ” ಎಂದು ಹೇಳುವ ರೂಢಿಯಿದೆ. ಪತ್ರದ ಕೊನೆಯಲ್ಲಿ ಸಿದ್ದವ್ವ ತನ್ನ ಮಾತು ಸೇರಿಸಿದ್ದಳು: “ಅಣ್ಣಾ, ಅವರ ಕಿವಿ ನೀ ಬರದ ಆಡಿನಂಗ ಉದ್ದ ಅದಾವಂತ. ಹಿಂಡಾಕ ನೀನ ಬರಬೇಕು.”

ನಗು ಬಂತು, ಮರುಕ್ಷಣ ಮಿತಿಯ ಮೇಲೆ ಕಣ್ಣು ಬಿತ್ತು. ನನ್ನ ಕೈ ಬರೆಯುತ್ತಿದ್ದ ಲೆಕ್ಕದಲ್ಲಿ ಬೈಸಾಖ ಬದಿ ಪಂಚಮಿ ಆಗಿಹೋಗಿ ಬಹಳ ದಿನವಾಗಿತ್ತು. ಮದುವೆ ಮುಗಿದೇ ಹೋಗಿದೆ, ಪತ್ರ ದಾರಿಯಲ್ಲಿ ಎಲ್ಲೋ ಬಿದ್ದಿತ್ತು ಎಂದುಕೊಂಡೆ. ನಮ್ಮ ವೈಶಾಖ ವದ್ಯ ಅವರಿಗೆ ಜೇಠ ಬದಿ, ಅಂದರೆ ಜ್ಯೇಷ್ಠದ ಕತ್ತಲ ಪಕ್ಷ, ಅದು ಇನ್ನೂ ಮುಂದೆ ಬರಬೇಕು ಎಂಬುದು ಹೊಳೆಯಲೇ ಇಲ್ಲ. ನನ್ನೂರಿನ ಲೆಕ್ಕವನ್ನು ನಾನು ಮರೆತಿದ್ದೆ. ಪತ್ರದ ಮೇಲಿನ ಟಪಾಲು ಠಸ್ಸೆ ನೋಡಿದ್ದರೂ ಸಾಕಿತ್ತು, ಅದು ಹಾಕಿ ವಾರವೂ ಆಗಿರಲಿಲ್ಲ. ಸಿಟ್ಟಿನಲ್ಲಿ ನೋಡಲಿಲ್ಲ. ಇದ್ದೊಬ್ಬ ಮಗ ಬರಲೆಂದು ನಾಲ್ಕು ದಿನ ಕಾಯಬಾರದಿತ್ತೇ ಎಂದು ಮನೆಯವರ ಮೇಲೆಯೇ ಮುನಿಸಿಕೊಂಡು, ಯಾರಿಗೂ ಹೇಳದೆ ಭಟ್ಟಿಯ ಮುಂದೆ ಕೂತೆ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಪೊಟ್ಟಣದ ಮೇಲೆ ‘ಜೇಠ ಬದಿ ೩’ ಎಂದು ಬರೆಯುತ್ತಿದ್ದೆ. ಮಾಲಕರು ಗೋಡೆಯ ಮರಾಠಿ ಕ್ಯಾಲೆಂಡರ್ ನೋಡಿ ಅಂದರು:

“ಇಂದು ವೈಶಾಖ ವದ್ಯ ತೃತೀಯೆ. ನನ್ನ ಆಯಿಯ ಶ್ರಾದ್ಧ. ಮಧ್ಯಾಹ್ನ ಅಂಗಡಿ ಮುಚ್ಚಿಬಿಡು.”

ಲೇಖಣಿ ಕೈಯಲ್ಲೇ ನಿಂತಿತು. ಮದುವೆ ನಾಡಿದ್ದು.

ಆ ಮಧ್ಯಾಹ್ನವೇ ಗಾಡಿ ಹತ್ತಿದ್ದರೆ ಮಿರಜಿಗೆ ಬಂದು, ಜತ್ತದ ಎಸ್‌ಟಿ ಬಸ್ಸು ಹಿಡಿದು, ಅಕ್ಕಿಕಾಳಿಗೆ ಅಲ್ಲದಿದ್ದರೂ ತಂಗಿ ಗಂಡನ ಮನೆಗೆ ಹೊರಡುವ ಹೊತ್ತಿಗೆ ಮುಟ್ಟುತ್ತಿದ್ದೆ. ಹೋಗಿದ್ದರೆ ಎಲ್ಲರೂ ತಡವೇಕೆ ಎಂದು ಕೇಳುತ್ತಿದ್ದರು. ಓಣಿಗೆಲ್ಲ ಮಿತಿ ಹೇಳುತ್ತಿದ್ದವನು ಸ್ವಂತ ತಂಗಿಯ ಮದುವೆಯ ಮಿತಿ ತಿಳಿಯದೆ ಕೂತಿದ್ದ ಎಂದು ಹೇಳಬೇಕಾಗುತ್ತಿತ್ತು. ಅದು ನನ್ನಿಂದ ಆಗಲಿಲ್ಲ. ಅಂಗಡಿಯ ಬಾಗಿಲು ಹಾಕಿ, ಅಮ್ಮಾಜಿಯ ಅಂಗಳದಲ್ಲಿ ಆಡಿನ ಪಕ್ಕ ಕೂತೆ. ವಾರ ಬಿಟ್ಟು ಊರಿಗೆ ಬರೆದೆ: ಪತ್ರ ತಡವಾಗಿ ಮುಟ್ಟಿತು, ಕ್ಷಮೆ ಇರಲಿ.

ಅವರು ನಂಬಿದರು. ನನ್ನ ಬದಲು ಕಾಕಾನ ಮಗ ಕಿವಿ ಹಿಂಡಿದನಂತೆ. ಸಿದ್ದವ್ವನ ಸಿಟ್ಟೆಲ್ಲ ಕರಜಗಿಯ ಟಪಾಲಿನವರ ಮೇಲೆ ತಿರುಗಿತು. ಸಂಭಾವಿತ ಮನುಷ್ಯ, ಬಿಸಿಲಲ್ಲಿ ಸೈಕಲ್ ತುಳಿದು ಮನೆ ಮನೆಗೆ ಬರುವವರು. ಮೊದಲು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದರು. ಆಮೇಲೆ ಸಿದ್ದವ್ವ ತವರಿಗೆ ಬಂದಾಗಲೆಲ್ಲ ಅವರಿಗೆ ನೀರೂ ಇಲ್ಲ, ನೆರಳೂ ಇಲ್ಲ. ಟಪಾಲಿನ ಮೇಲೆ ನಂಬಿಕೆ ಹೋದವಳು ನಾಗಪಂಚಮಿಯ ಕರೆಯನ್ನು ಯುಗಾದಿ ಆದ ಕೂಡಲೇ ಬರೆಸತೊಡಗಿದಳು. ಶ್ರಾವಣದ ಕರೆ ಚೈತ್ರದಲ್ಲಿ ಕೈಗೆ ಬಂದಾಗಲೆಲ್ಲ ನಾನು ಭಟ್ಟಿಯ ಕಡೆ ಮುಖ ತಿರುಗಿಸುತ್ತಿದ್ದೆ.

ಅಂದಿನಿಂದ ನಾನು ಪತ್ರಕ್ಕೆ ಹಾಕುವ ಮಿತಿಯೇ ಬೇರೆಯಾಯಿತು. ಮೇಲೆ ಕರಜಗಿಯ ತಿಂಗಳು, ಕೆಳಗೆ ಆಗ್ರಾದ ತಿಂಗಳು, ಪಕ್ಕದಲ್ಲಿ ಇಂಗ್ಲಿಷ್ ತಾರೀಕು, ವಾರ. “ಮೂರು ತಾರೀಕು, ಎರಡು ಸಾಲು ಸುದ್ದಿ! ಅಣ್ಣಾ, ನೀ ಎಲ್ಲಿ ಅದಿ?” ಎಂದು ತಂಗಿ ಕೇಳಿಸಿದ್ದಳು. ಉತ್ತರ ನನಗೂ ಗೊತ್ತಿರಲಿಲ್ಲ. ಆಗ್ರಾದಲ್ಲಿ ಮದುವೆಯಾಗಿ ಮನೆ ಮಾಡಿದೆ. ನನ್ನ ಮಗಳು ಹುಟ್ಟಿದ್ದು ಕತ್ತಲ ಪಕ್ಷದಲ್ಲಿ. ಅವಳ ಹುಟ್ಟಿದ ತಿಂಗಳು ಅಲ್ಲಿ ಒಂದು, ಇಲ್ಲಿ ಒಂದು. ಊರಿಗೆ ಬಂದರೆ ನಾಲ್ಕು ದಿನಕ್ಕೆ ಸಾಸಿವೆ ಎಣ್ಣೆಯ ಪಲ್ಲೆ ನೆನಪಾಗುತ್ತದೆ, ಅಲ್ಲಿಗೆ ಹೋದರೆ ರೊಟ್ಟಿ ಬಡಿಯುವ ಸಪ್ಪಳ ಕಿವಿಯಲ್ಲಿ ತಿರುಗುತ್ತದೆ. ತಿಂಗಳ ಅರ್ಧ ಎರಡೂ ಊರಿನವನು. ಉಳಿದರ್ಧ ಯಾವ ಊರಿನವನೆಂದು ಹೇಳಲಾರೆ.

ಎಪ್ಪತ್ತರ ದಶಕದ ಒಂದು ಪಂಚಮಿಗೆ ಹೆಂಡತಿ ಮಗಳೊಂದಿಗೆ ಬಂದೆ. ಶ್ರಾವಣದ ಬೆಳಕಿನ ಪಕ್ಷ. ಎರಡೂ ಊರು ಒಂದೇ ತಿಂಗಳಲ್ಲಿದ್ದವು. ಬೇವಿನ ಮರದ ಜೋಕಾಲಿಯ ಮೇಲೆ ಸಿದ್ದವ್ವ ನನ್ನ ಮಗಳನ್ನು ತೊಡೆಗೇರಿಸಿಕೊಂಡು ಕೂತು, ನಾನು ತಂದ ಪೇಠಾ, ಅಂದರೆ ಬೂದುಗುಂಬಳದ ಮಿಠಾಯಿ, ಬಂದವರಿಗೆಲ್ಲ ಹಂಚುತ್ತಿದ್ದಳು. ಆಗ ಟಪಾಲಿನವರು ಸೈಕಲ್ ನೂಕಿಕೊಂಡು ಬಂದರು.

“ಆಗ್ರಾದ ಮಿಠಾಯಿ ಬಂದೈತಂತಲ್ಲವ್ವಾ?”

“ಬಂದೈತ್ರಿ. ನಿಮ್ಮ ಪಾಲಿಂದು ಟಪಾಲಿಗೆ ಹಾಕೇನಿ. ಮುಂದಿನ ಪಂಚಮಿಗೆ ಮುಟ್ಟತೈತಿ.”

ಓಣಿಯವರು ನಕ್ಕರು. ಅವರೂ ನಕ್ಕರು, ಆದರೆ ಕಟ್ಟೆಯ ಮೇಲೆ ಕೂಡಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

“ದೀಪಾವಳಿಗೆ ನನ್ನ ನೌಕರಿ ಮುಗೀತೈತಿ, ಯವ್ವಾ. ನಿನ್ನ ಮದಿವಿ ಪತ್ರ ಕೈಗೆ ಬಂದ ದಿನಾನ ನಾ ಕಳಸೇನಿ, ದೇವರಾಣಿ. ಇನ್ನರ ಸಿಟ್ಟು ಬಿಡು.”

“ಹಂಗಾದ್ರ ಅದು ಎಲ್ಲಿ ಕುಂತಿತ್ರಿ? ಹೇಳ್ರಿ ನೋಡೂಣು.”

ಅವರು ಸೈಕಲ್ ತಿರುಗಿಸಿಕೊಂಡರು. ನಾನು ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವರ ಕೈಗೆ ಕೊಟ್ಟೆ. ಸಿದ್ದವ್ವನ ಮುಖ ಕೆಂಪಾಯಿತು. ನಾನು ಜೋಕಾಲಿಯ ಹಗ್ಗ ಹಿಡಿದು ನಿಲ್ಲಿಸಿ, ಇಷ್ಟು ವರ್ಷ ಹಿಂದಿ, ಮರಾಠಿ, ಕನ್ನಡ ಯಾವುದರಲ್ಲೂ ಬಾಯಿಗೆ ಬಾರದ ಮಾತನ್ನು ಎಲ್ಲರ ಮುಂದೆ ಆಡಿದೆ:

“ಇವರ ತಪ್ಪಲ್ಲವ್ವಾ. ಪತ್ರ ಮದಿವಿಕಿಂತ ಮೊದಲ ಮುಟ್ಟಿತ್ತು. ಮಿತಿ ನಾ ತಪ್ಪು ತಿಳಕೊಂಡೆ. ತಿಳದ ಮ್ಯಾಲೂ ನಾಚಿಕಿಗೆ ಬರಲಿಲ್ಲ, ಸುಳ್ಳ ಬರದೆ. ಹಿಂಡೂದಿದ್ರ ನನ್ನ ಕಿವಿ ಹಿಂಡು. ತಪ್ಪಾತು, ಸಿದ್ದವ್ವಾ.”